ವೀರರ ಉಡುಪು

ಕಳೆದ ಶ್ರಾವಣದಲ್ಲಿ ಮಳೆಯು ಹಿಂದೆಗೆಯಲು, ನಮ್ಮ ತುರುವನೂರಿನ ಹಿರಿಯರು ದೇವಸ್ಥಾನದ ಜಗುಲಿಯಲ್ಲಿ ವಿರಾಟಪರ್ವವನ್ನು ಓದಿಸಿದರು. ವಿರಾಟಪರ್ವವನ್ನು ಓದಿಸಿದರೆ ಮಳೆ ಬರುವುದೆಂಬ ನಂಬಿಕೆಯು ನಮ್ಮ ನಾಡಿನಲ್ಲಿ ಹಿಂದಿನಿಂದ ನಡೆದುಬಂದುದೆಂಬುದು ವಾಚಕರಿಗೆ ತಿಳಿದೇ ಇದೆ. ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯುದ್ಧಕ್ಕೆ ಹೊರಟ ಬೃಹನ್ನಳೆಯೊಡನೆ ಉತ್ತರೆಯು, ಕೌರವವೀರರ ಬಣ್ಣಬಣ್ಣದ ವಸ್ತ್ರಗಳನ್ನು ತನ್ನ ಗೊಂಬೆಗಳಿಗಾಗಿ ತಂದುಕೊಡಬೇಕೆಂದು ಕೇಳುವ ಸಂದರ್ಭ ಬಂದಿತು. ಆಗ ಮುಂದೆ ಕುಳಿತಿದ್ದ ನನ್ನ ಮೊಮ್ಮಗಳು, "ತಾತ, ಯುದ್ಧ ಮಾಡಿದವರ ಬಟ್ಟೆಯನ್ನು ಗೊಂಬೆಗೆ ಉಡಿಸಬಹುದೇ?" ಎಂದು ಕೇಳಿಬಿಟ್ಟಳು.

ಸಭೆಯು ನಕ್ಕಿತು. ನಾನು ನಗಲಾರದೆ ಹೋದೆನು. ಕಂಬಕ್ಕೆ ಒರಗಿ ಕುಳಿತಿದ್ದ ತರುಣನೊಬ್ಬನು, ಸೈನಿಕರ ಉಡುಪಿನಂತೆ ಹಸಿರು ಕಂದು ಮಚ್ಚೆಗಳುಳ್ಳ ಷರಾಯಿಯನ್ನು ತೊಟ್ಟಿದ್ದನು. ಅದು ಪೇಟೆಯಲ್ಲಿ ಕೊಂಡುದು. ಅವನು ಸೈನ್ಯವನ್ನು ಸೇರಿದವನಲ್ಲ. ಪ್ರಶ್ನೆಯು ಅವನಿಗೆ ತಗಲುವಂತಹುದು. ನನಗೆ ಅದಕ್ಕಿಂತ ಹೆಚ್ಚಾಗಿ ತಗಲುವಂತಹುದು. ಹೇಗೆಂಬುದನ್ನು ಮುಂದೆ ಹೇಳುವೆನು.

ಈ ಪ್ರಶ್ನೆಯು ನಮಗೆ ಮಾತ್ರ ಬಂದುದಲ್ಲ. ಸ್ಕಾಟ್ಲೆಂಡಿನಲ್ಲಿ ಟಾರ್ಟನ್ ಎಂಬ ಚೌಕಳಿಯ ಉಣ್ಣೆಬಟ್ಟೆಯುಂಟು. ಪಟ್ಟಣದ ಶಾಲೆಗಳಿಗೆ ಹೋಗುವ ನಮ್ಮ ಹೆಣ್ಣುಮಕ್ಕಳ ಚೌಕಳಿಯ ಲಂಗಗಳು ಅದನ್ನೇ ಹೋಲುತ್ತವೆ. ಆ ದೇಶದ ಬೆಟ್ಟಸೀಮೆಯವರು ದಂಗೆಯೆದ್ದು ಸೋತಾಗ, 1746ರ ಶಾಸನವೊಂದು ಅವರ ಗಂಡಸರಿಗೆ ಈ ಉಡುಗೆಯನ್ನು ನಿಷೇಧಿಸಿತು. ದೊರೆಯ ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ಶಾಸನವು ರದ್ದಾಗುವವರೆಗೂ, ತಂದೆತಾತಂದಿರ ಬಟ್ಟೆಯನ್ನು ಉಡಬೇಕೆಂದರೆ ಸಿಪಾಯಿಯಾಗಬೇಕಾಗಿತ್ತು!

ಅಂತಹ ದಳಗಳಲ್ಲಿ ಬ್ಲ್ಯಾಕ್ ವಾಚ್ ಎಂಬುದು ಪ್ರಸಿದ್ಧವಾದುದು. ಕಡುಹಸಿರು, ಕಡುನೀಲಿ, ಕಪ್ಪು ಇವು ಅದರ ಟಾರ್ಟನ್ನಿನ ಬಣ್ಣಗಳು. ಆ ದಳಕ್ಕೂ ನಮ್ಮ ನಾಡಿಗೂ ಸಂಬಂಧವಿಲ್ಲದಿಲ್ಲ. 1783ರ ಮೇ ತಿಂಗಳಿಂದ 1784ರ ಜನವರಿಯವರೆಗೆ ಟಿಪ್ಪು ಸುಲ್ತಾನನು ಮಂಗಳೂರಿನ ಕೋಟೆಯನ್ನು ಮುತ್ತಿದಾಗ, ಒಳಗಿದ್ದು ಹೋರಾಡಿದವರಲ್ಲಿ ಅದರ ಎರಡನೆಯ ಪಡೆಯವರು ಇದ್ದರು. ಮಂಗಳೂರೆಂಬ ಹೆಸರು ಇಂದಿಗೂ ಅದರ ಯುದ್ಧಗೌರವಗಳಲ್ಲಿ ಸೇರಿದೆ. ಆ ದಳದ ಟಾರ್ಟನ್ನನ್ನು ಈಗ ಯಾರು ಬೇಕಾದರೂ ಅಂಗಡಿಯಲ್ಲಿ ಕೊಂಡು ಉಡಬಹುದು, ಅಡ್ಡಿಯಿಲ್ಲ. ಆದರೆ ಟೋಪಿಯಲ್ಲಿ ಸಿಕ್ಕಿಸುವ ಕೆಂಪು ಗರಿಯ ಗುಚ್ಛವು ಹಾಗಲ್ಲ. ಅದು ಆ ದಳಕ್ಕೇ ಮೀಸಲೆಂದು 1822ರಲ್ಲಿಯೇ ಆಜ್ಞೆಯಾಯಿತು. ಬಟ್ಟೆಯು ಎಲ್ಲರದು, ಲಾಂಛನವು ಗಳಿಸಿದವರದು. ಈ ವಿವೇಕವು ನಮಗೂ ಗ್ರಾಹ್ಯವಾದುದೆಂದು ನನ್ನ ಮತ.

ಇನ್ನು ನನ್ನ ಅಪರಾಧವನ್ನು ನಿವೇದಿಸುವೆನು. ಕಾರ್ಗಿಲ್ ಯುದ್ಧವಾದ ಮರುವರ್ಷ, 2000ದ ಆಗಸ್ಟ್ 15ರಂದು, ಶಾಲೆಯ ಮಕ್ಕಳಿಂದ ಹಾಸ್ಯನಾಟಕವೊಂದನ್ನು ಆಡಿಸಿದೆನು. "ಉತ್ತರನ ಪೌರುಷ ಒಲೆಯ ಮುಂದೆ" ಎಂಬ ಗಾದೆಯೇ ವಸ್ತು. ಉತ್ತರಕುಮಾರನನ್ನು ಹೊಸಕಾಲದ ಸೈನಿಕನನ್ನಾಗಿ ಮಾಡಿದರೆ ಸೊಗಸಾದೀತೆಂದು ನನಗೆ ತೋರಿತು. 1971ರ ಯುದ್ಧದಲ್ಲಿದ್ದು ನಿವೃತ್ತರಾಗಿದ್ದ ಹಿರಿಯರೊಬ್ಬರ ಮನೆಗೆ ಹೋಗಿ, ಅವರ ಕೋಟನ್ನು ಕೇಳಿ ತಂದೆನು. ನಾಟಕವೆಂದು ಹೇಳಿದೆನೇ ಹೊರತು ಯಾವ ಪಾತ್ರಕ್ಕೆಂದು ಹೇಳಲಿಲ್ಲ. ಅದರ ಎದೆಯ ಮೇಲೆ ಪದಕಗಳ ಬಣ್ಣದ ಪಟ್ಟಿಗಳು ಹಾಗೆಯೇ ಇದ್ದುವು. ಹುಡುಗನು ಆ ಕೋಟನ್ನು ತೊಟ್ಟು, ಪಟಾಕಿಯ ಸದ್ದಿಗೆ ಬೆದರಿ, ರಂಗದ ಮೇಲೆ ಉರುಳಾಡಿದನು. ಜನರು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಆ ಹಿರಿಯರು ಸದ್ದಿಲ್ಲದೆ ಎದ್ದು ಹೊರಟುಹೋದರು.

ಮರುದಿನ ಕೋಟನ್ನು ಹಿಂದಿರುಗಿಸಲು ಹೋದಾಗ ಅವರು ಕೋಪಿಸಿಕೊಳ್ಳಲಿಲ್ಲ. "ತಪ್ಪು ನನ್ನದೇ ಮೇಷ್ಟ್ರೇ. ಪಟ್ಟಿ ಬಿಚ್ಚಿಟ್ಟುಕೊಂಡು ಕೊಡಬೇಕಾಗಿತ್ತು. ಜೊತೆಯಲ್ಲಿದ್ದವರು ಎಲ್ಲರೂ ವಾಪಸು ಬರಲಿಲ್ಲ" ಎಂದಷ್ಟೇ ಹೇಳಿದರು. ಇಷ್ಟು ವರ್ಷ ವ್ಯಾಕರಣವನ್ನು ಕಲಿಸಿದ ನನಗೆ ಆ ಮೂರು ಮಾತುಗಳಿಗೆ ಉತ್ತರವಾಗಿ ಒಂದು ಶಬ್ದವೂ ದೊರೆಯಲಿಲ್ಲ. ಬ್ರಿಟನ್ ಮೊದಲಾದ ದೇಶಗಳಲ್ಲಿ, ತಾನು ಗಳಿಸಿದ ಪದಕವನ್ನು ಎದೆಯ ಎಡಗಡೆಯಲ್ಲಿಯೂ, ತೀರಿಹೋದ ತಂದೆಯ ಪದಕವನ್ನು ಮಗನು ಬಲಗಡೆಯಲ್ಲಿಯೂ ಧರಿಸುವರೆಂದು ಅನಂತರ ಓದಿ ತಿಳಿದೆನು. ಸ್ವಂತ ಮಗನೇ ಬಲಗಡೆಗೆ ಸರಿದು ನಿಲ್ಲಬೇಕಾದ ವಸ್ತುವನ್ನು ನಾನು ನಗೆಪಾಟಲಿಗೆ ಒಡ್ಡಿದ್ದೆನು!

ರಾಜಶಾಸನವೂ ಇಲ್ಲಿ ಒಂದು ಗೆರೆಯನ್ನು ಎಳೆದಿದೆ. ತಾನು ಸೈನಿಕನೆಂದು ಪರರು ನಂಬಲಿ ಎಂಬ ಉದ್ದೇಶದಿಂದ ಸೈನಿಕನ ಉಡುಪನ್ನಾಗಲಿ ಲಾಂಛನವನ್ನಾಗಲಿ ಧರಿಸುವುದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 168ನೆಯ ಪ್ರಕರಣವು ಅದಕ್ಕೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 2000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಇದು ಬರಿಯ ಮರ್ಯಾದೆಯ ಮಾತೂ ಅಲ್ಲ. 2016ರ ಜನವರಿಯಲ್ಲಿ ಪಠಾಣಕೋಟೆಯ ವಾಯುನೆಲೆಗೆ ನುಗ್ಗಿದ ಘಾತುಕರು ಸೈನಿಕರ ವೇಷದಲ್ಲಿಯೇ ಬಂದಿದ್ದರು. ಆದರೆ ಶಾಸನವು ವಂಚನೆಯನ್ನು ತಡೆಯಬಲ್ಲುದು, ಅಲಕ್ಷ್ಯವನ್ನು ತಡೆಯಲಾರದು. ನಾನು ಮಾಡಿದುದಕ್ಕೆ ಯಾವ ಸಂಹಿತೆಯಲ್ಲಿಯೂ ದಂಡವಿಲ್ಲ. ಆ ಕೆಲಸವು ಮನೆಯಲ್ಲಿ ಆಗತಕ್ಕದ್ದು.

ನಮ್ಮೂರು ಇದನ್ನು ಖಾದಿಯ ವಿಷಯದಲ್ಲಿಯೂ ಬಲ್ಲುದು. 1939ರಲ್ಲಿ ಶ್ರೀ ಎಸ್. ನಿಜಲಿಂಗಪ್ಪನವರೇ ಮೊದಲಾದವರ ಮುಂದಾಳುತನದಲ್ಲಿ ಇಲ್ಲಿ ಈಚಲು ಮರಗಳನ್ನು ಕಡಿದು ಅರಣ್ಯ ಸತ್ಯಾಗ್ರಹ ನಡೆಯಿತು. ಸೆರೆಗೆ ಹೋದವರಿಗೆ ಖಾದಿಯು ವ್ರತವಾಗಿತ್ತು. ಏನನ್ನೂ ತ್ಯಜಿಸದವರೂ ಖಾದಿಯನ್ನು ಉಡುವ ಕಾಲ ಅನಂತರ ಬಂದಿತು. ಅದರಲ್ಲಿ ದೋಷವಿಲ್ಲ, ಎಲ್ಲರೂ ಉಡಲೆಂಬುದೇ ಗಾಂಧೀಜಿಯವರ ಅಪೇಕ್ಷೆಯಾಗಿತ್ತು. ಉಟ್ಟ ಮಾತ್ರಕ್ಕೆ ಸೆರೆವಾಸಿಯ ಮನ್ನಣೆಯನ್ನು ಬಯಸುವುದು ದೋಷ.

ಆದಕಾರಣ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನನ್ನ ಬಿನ್ನಹವಿಷ್ಟೆ. ಹುಡುಗರು ಮಚ್ಚೆಯ ಷರಾಯಿಯನ್ನು ಮೆಚ್ಚಿದರೆ ಗದರಿಸುವುದು ಬೇಡ. ಟೋಪಿಯ ಮುದ್ರೆ, ಭುಜದ ಪಟ್ಟಿ, ಪದಕ ಇವನ್ನು ಮಾತ್ರ ಆಟಕ್ಕೆ ಬಳಸಗೊಡಬಾರದು. ಉತ್ಸವದ ದಿನ ಮಗುವಿಗೆ ಸೈನಿಕನ ವೇಷವನ್ನು ಹಾಕುವುದಾದರೆ, ಮೊದಲು ಊರಿನಲ್ಲಿರುವ ನಿವೃತ್ತ ಸೈನಿಕರ ಮನೆಗೆ ಕರೆದೊಯ್ದು, ನಮಸ್ಕಾರ ಮಾಡಿಸಿ, ಇದು ಯಾರ ಉಡುಪೆಂಬುದನ್ನು ಅವರ ಬಾಯಿಂದಲೇ ಕೇಳಿಸಿರಿ.

ನಾನು ತಡವಾಗಿ ಕಲಿತೆನು. ಮರುವರ್ಷದ ಧ್ವಜಾರೋಹಣಕ್ಕೆ ಆ ಹಿರಿಯರನ್ನೇ ಕರೆದೆನು. ಅವರು ಅದೇ ಕೋಟನ್ನು ತೊಟ್ಟು ಬಂದರು. ಉರುಳಾಡಿದ್ದ ಆ ಹುಡುಗನೇ ಎಲ್ಲರಿಗಿಂತ ಮೊದಲು ಎದ್ದು ನಿಂತನು. ಅವರು ಈಗ ಇಲ್ಲ.

ಮೊಮ್ಮಗಳಿಗೆ ಅಂದು ಜಗುಲಿಯಲ್ಲಿ ಕಥೆಯ ಉಳಿದ ಭಾಗವನ್ನೇ ಉತ್ತರವಾಗಿ ಹೇಳಿದೆನು. ಸಮ್ಮೋಹನಾಸ್ತ್ರಕ್ಕೆ ಸಿಲುಕಿ ಕೌರವವೀರರು ಮೈಮರೆತಾಗ ಅರ್ಜುನನು ಉತ್ತರನಿಗೆ, ದ್ರೋಣಕೃಪರ ಬಿಳಿಯ ವಸ್ತ್ರವನ್ನೂ, ಕರ್ಣನ ಹಳದಿಯದನ್ನೂ, ಅಶ್ವತ್ಥಾಮ ದುರ್ಯೋಧನರ ನೀಲಿಯದನ್ನೂ ತೆಗೆದುಕೊಂಡು ಬಾ ಎಂದನು. ಭೀಷ್ಮನ ಹತ್ತಿರಕ್ಕೆ ಮಾತ್ರ ಹೋಗಬೇಡ, ಆತನಿಗೆ ಈ ಅಸ್ತ್ರದ ಪರಿಹಾರವು ತಿಳಿದಿದೆ, ಆತನು ಎಚ್ಚರವಾಗಿದ್ದಾನೆ ಎಂದನು. "ಗೊಂಬೆಗೆ ಉಡಿಸು ಮಗು, ಎಚ್ಚರವಾಗಿರುವವರು ನೋಡುತ್ತಿದ್ದಾರೆಂಬುದನ್ನು ಮರೆಯಬೇಡ" ಎಂದೆನು. ಕಂಬಕ್ಕೆ ಒರಗಿದ್ದ ತರುಣನು ನೆಟ್ಟಗೆ ಕುಳಿತನು.