ದನದ ಡಾಕ್ಟರರ ಊರು ಯಾವುದು?

ಹೋದ ತಿಂಗಳು ನಮ್ಮ ಪ್ರೆಸ್ಸಿಗೆ ಒಂದು ಕೆಲಸ ಬಂತು. ಪಶುವೈದ್ಯರ ಸಂಘವೊಂದರ ಸದಸ್ಯರ ಕೈಪಿಡಿ. ಒಬ್ಬೊಬ್ಬರಿಗೂ ಅರ್ಧ ಪುಟ. ಫೋಟೋ, ಹುಟ್ಟಿದ ಊರು, ತಂದೆಯ ಕಸುಬು, ಓದಿದ ಶಾಲೆ, ಡಿಗ್ರಿ ಪಡೆದ ಕಾಲೇಜು, ಮೊದಲು ಕೆಲಸ ಮಾಡಿದ ಜಾಗ, ಈಗಿನ ಹುದ್ದೆ. ಪ್ರೂಫ್ ನೋಡುವವನು ಅಕ್ಷರ ನೋಡುತ್ತಾನೆಯೇ ಹೊರತು ಅರ್ಥ ನೋಡುವುದಿಲ್ಲ. ಇಪ್ಪತ್ತು ವರ್ಷದಿಂದ ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಅಚ್ಚು ಹಾಕುತ್ತಿರುವ ನನಗೂ ಅದೇ ಚಾಳಿ. ಆದರೆ ಈ ಪುಸ್ತಕದ ಎರಡನೇ ಫಾರಂ ಮುಗಿಯುವ ಹೊತ್ತಿಗೆ ನಾನು ಅಕ್ಷರ ಬಿಟ್ಟು ಅರ್ಥ ಓದತೊಡಗಿದ್ದೆ.

ಯಾಕೆಂದರೆ ಪುಟದ ಮೇಲೆ ಪುಟ ಒಂದೇ ಕತೆ ಹೇಳುತ್ತಿತ್ತು. ಕುರಿ ಕಾಯುವವರ ಮಗ. ಎರಡೆಕರೆ ರಾಗಿ ಹೊಲದವರ ಮಗ. ಡೇರಿಗೆ ಹಾಲು ಹಾಕಿ ಓದಿಸಿದ ತಾಯಿಯ ಮಗಳು. ಊರಿನ ಸರ್ಕಾರಿ ಶಾಲೆ, ಹೋಬಳಿಯ ಹೈಸ್ಕೂಲು, ತಾಲ್ಲೂಕಿನ ಪಿಯುಸಿ, ಅಲ್ಲಿಂದ ಹೆಬ್ಬಾಳ ಇಲ್ಲವೇ ಬೀದರ್. ನಾವು ಪಟ್ಟಣದವರು 'ದನದ ಡಾಕ್ಟ್ರು' ಅಂತ ಹಲ್ಲು ಕಿಸಿದು ಹೇಳುತ್ತೇವಲ್ಲ, ಅವರ ಹಿನ್ನೆಲೆ ಇದು. ನಮ್ಮ ಮಣ್ಣಿನಿಂದಲೇ ಎದ್ದು ಬಂದ ವಿದ್ಯಾವಂತರು ಯಾರು ಎಂದು ಯಾರಾದರೂ ಕೇಳಿದರೆ ನಾನು ಇನ್ನು ಮುಂದೆ ಈ ಕೈಪಿಡಿ ತೋರಿಸುತ್ತೇನೆ.

ತೋರಿಸಬಹುದು, ಆದರೆ ಆ ತಂದೆತಾಯಿಗಳಿಗೇ ತೋರಿಸುವ ಹಾಗಿಲ್ಲ. ಪುಸ್ತಕ ಪೂರಾ ಇಂಗ್ಲಿಷಿನಲ್ಲಿದೆ!

ಪ್ರೂಫ್ ತಿದ್ದಲು ಬಂದಿದ್ದ ನಿವೃತ್ತ ವೈದ್ಯರೊಬ್ಬರನ್ನು ಕೇಳಿಯೇಬಿಟ್ಟೆ. "ಯಾಕೆ ಸಾರ್, ಒಂದು ಸಾಲೂ ಕನ್ನಡ ಇಲ್ಲವಲ್ಲ?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೊದಲಿಂದ ಹಂಗೇ ಬಂದಿದೆ ಕಣ್ರೀ. ಯಾರೂ ಕೇಳಿರಲಿಲ್ಲ." ಬೇಡ ಎಂದವರು ಯಾರೂ ಇಲ್ಲ, ಬೇಕು ಎಂದವರೂ ಯಾರೂ ಇಲ್ಲ. ಕನ್ನಡ ಹಲವು ಕಡೆ ಸೋತಿರುವುದು ಹೀಗೆಯೇ.

ಮೊದಲು ಈ ವಿದ್ಯೆಯ ದಾರಿ ಎಂಥದ್ದು ಎಂದು ತಿಳಿದುಕೊಳ್ಳಿ. ಮುಂಬೈಯಲ್ಲಿ ಪಶುವೈದ್ಯ ಕಾಲೇಜು ಶುರುವಾದದ್ದು 1886ರಲ್ಲಿ. ಮದರಾಸಿನಲ್ಲಿ 1903ರಲ್ಲಿ. ನಮ್ಮ ಹೆಬ್ಬಾಳದ ಕಾಲೇಜು ಹುಟ್ಟಿದ್ದು 1958ರಲ್ಲಿ. ಅಲ್ಲಿಯವರೆಗೆ ಈ ಡಿಗ್ರಿ ಬೇಕೆಂದ ಕನ್ನಡದ ಹುಡುಗ ಟ್ರಂಕು ಹೊತ್ತು ಹೊರರಾಜ್ಯಕ್ಕೇ ಹೋಗಬೇಕಿತ್ತು. ಬೀದರ್ ಕಾಲೇಜು ಬಂದದ್ದು 1985ರಲ್ಲಿ. ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆಂದು ಕಾನೂನು ಆದದ್ದು 2004ರಲ್ಲಿ. ಈಗ ಹಾಸನ, ಶಿವಮೊಗ್ಗ, ಗದಗ, ಅಥಣಿಯಲ್ಲೂ ಕಾಲೇಜುಗಳಿವೆ. ಅಂದರೆ ಬಾಗಿಲು ಊರಿನ ಹತ್ತಿರಕ್ಕೇ ಬಂದಿದೆ.

ಓದು ಸುಲಭದ್ದಲ್ಲ. ಮನುಷ್ಯರ ಡಾಕ್ಟರಿಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ದನದ ಡಾಕ್ಟರಿಗೂ ಅಷ್ಟೇ, ಐದೂವರೆ ವರ್ಷ. ಅವರು ಓದುವುದು ಒಂದು ದೇಹ. ಇವರು ಓದುವುದು ದನ, ಕುದುರೆ, ಕುರಿ, ಹಂದಿ, ನಾಯಿ, ಕೋಳಿ. ಒಂದರ ಹೊಟ್ಟೆಯಲ್ಲಿ ನಾಲ್ಕು ಕೋಣೆ, ಇನ್ನೊಂದರಲ್ಲಿ ಒಂದು. ಪಾಸಾದ ಮೇಲೆ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಂತೆ ನೋಂದಣಿ ಆಗಲೇಬೇಕು. ಇಷ್ಟೆಲ್ಲಾ ಆಗಿ ಊರಿಗೆ ಬಂದರೆ, ಬಸ್‌ಸ್ಟ್ಯಾಂಡಿನಲ್ಲಿ ಕೂತವನು ಕೇಳುತ್ತಾನೆ: "ಮನುಷ್ಯರ ಡಾಕ್ಟ್ರಾಗೋಕೆ ಮಾರ್ಕ್ಸ್ ಬರಲಿಲ್ವಾ?"

ಆ ಕೈಪಿಡಿಯ ಪ್ರಕಾರ ಈ ವೈದ್ಯರು ಎಲ್ಲೆಲ್ಲಿಗೆ ಹೋಗಿದ್ದಾರೆ ಗೊತ್ತೇ? ಹೆಚ್ಚಿನವರು ಪಶುಪಾಲನಾ ಇಲಾಖೆಯಲ್ಲಿದ್ದಾರೆ. ಹಳ್ಳಿಯ ಆಸ್ಪತ್ರೆಯಲ್ಲಿ ಪಶುವೈದ್ಯಾಧಿಕಾರಿಯಾಗಿ ಸೇರಿ, ಬಡ್ತಿ ಸಿಕ್ಕರೆ ತಾಲ್ಲೂಕಿಗೆ ಸಹಾಯಕ ನಿರ್ದೇಶಕ, ಅದೃಷ್ಟವಿದ್ದರೆ ಜಿಲ್ಲೆಗೆ ಉಪನಿರ್ದೇಶಕ. ಕೆಲವರು ಹಾಲು ಒಕ್ಕೂಟಗಳಲ್ಲಿ. ಕೆಲವರು ಮೇಷ್ಟರಾಗಿ ಅದೇ ಕಾಲೇಜಿನಲ್ಲಿ. ಒಬ್ಬರು ಸೈನ್ಯದ ಕುದುರೆ, ನಾಯಿ, ಹೇಸರಗತ್ತೆ ನೋಡಿಕೊಳ್ಳುವ ರಿಮೌಂಟ್ ವೆಟರ್ನರಿ ಕೋರ್‌ನಲ್ಲಿ. ಇನ್ನೊಬ್ಬರು ಆನೆ ಬಿಡಾರದಲ್ಲಿ. ಕೋಳಿ ಕಂಪನಿ, ಔಷಧಿ ಕಂಪನಿ, ಬ್ಯಾಂಕು ಸೇರಿದವರಿದ್ದಾರೆ. ಬೆಂಗಳೂರಿನಲ್ಲಿ ನಾಯಿ ಬೆಕ್ಕಿನ ಕ್ಲಿನಿಕ್ ಇಟ್ಟವರಿದ್ದಾರೆ. ಮತ್ತೆ ಪರೀಕ್ಷೆ ಕಟ್ಟಿ ಅಮೆರಿಕ, ಕೆನಡಾ ಸೇರಿದವರೂ ಇದ್ದಾರೆ. ಹಿರಿಯರ ಪುಟಗಳಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆ, ಕಿರಿಯರ ಪುಟಗಳಲ್ಲಿ ಎಲ್ಲೆಲ್ಲೂ ಅವರೇ. ಗಂಡಸರಿಗೇ ಮೀಸಲೆಂದುಕೊಂಡಿದ್ದ ಕೆಲಸಕ್ಕೆ, ಅಡ್ಡ ಸಿಕ್ಕಿದ ಕರುವನ್ನು ಹೊರಗೆಳೆಯುವ ಕೆಲಸಕ್ಕೆ, ಈ ಹುಡುಗಿಯರು ತೋಳೇರಿಸಿ ನಿಂತಿದ್ದಾರೆ. ಅವರಿಗೊಂದು ನಮಸ್ಕಾರ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷಿನಲ್ಲಿ ಒಂದು ಕೈಪಿಡಿ ಬಂದರೆ ಆಕಾಶ ಕಳಚಿ ಬೀಳುವುದಿಲ್ಲ. ನನಗೆ ಭಯವಾದದ್ದು ಆ ನಿವೃತ್ತ ವೈದ್ಯರು ಚಹಾ ಕುಡಿಯುತ್ತಾ ಹೇಳಿದ ಒಂದು ಮಾತಿನಿಂದ.

ಮನುಷ್ಯರ ಡಾಕ್ಟರಿಗೆ ರೋಗಿ ತಾನೇ ಹೇಳುತ್ತಾನೆ. ದನದ ಡಾಕ್ಟರಿಗೆ? ರೋಗಿಗೆ ಬಾಯಿಲ್ಲ. ಅದರ ಬಾಯಿ ಎಂದರೆ ಅದನ್ನು ಸಾಕಿದ ಅಜ್ಜಿಯ ಬಾಯಿ. "ನಿನ್ನೆಯಿಂದ ಮೆಲುಕು ಹಾಕಿಲ್ಲ, ಮೂತಿ ಒಣಗೈತೆ" ಎಂದು ಅವಳು ಹೇಳಿದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. "ಬೆಳಿಗ್ಗೆ ಬೆದೆಗೆ ಬಂತು" ಎಂದರೆ ಸಂಜೆಗೆ ಕೃತಕ ಗರ್ಭಧಾರಣೆ ಮಾಡಬೇಕು. ಹೊತ್ತು ತಪ್ಪಿತೋ, ಇನ್ನು ಮೂರು ವಾರ ಕಾಯಬೇಕು. ಮೂರು ವಾರದ ಮೇವು, ಹಿಂಡಿ ಯಾರಪ್ಪನ ಮನೆಯದು? ಆ ಅಜ್ಜಿಯದು.

ಅವರು ಸೇವೆಯಲ್ಲಿದ್ದಾಗ ಕೈಕೆಳಗೆ ಬಂದ ಹುಡುಗನೊಬ್ಬ. ಬೆಂಗಳೂರಿನವನೇ, ಕನ್ನಡದವನೇ, ಇಂಗ್ಲಿಷ್ ಶಾಲೆಯಲ್ಲಿ ಓದಿದವನು, ಮಾರ್ಕ್ಸಿನಲ್ಲಿ ಚಿನ್ನ. ಹಳ್ಳಿಯ ಹೆಂಗಸು ಬಂದು, "ಕಂದು ಹಾಕೈತೆ ಸ್ವಾಮಿ, ಕಸ ಬಿದ್ದಿಲ್ಲ" ಎಂದಳು. ಕಂದು ಹಾಕುವುದು ಎಂದರೆ ದಿನ ತುಂಬುವ ಮೊದಲೇ ಕರು ಹಾಕುವುದು, ಗರ್ಭಪಾತ. ಆ ಹುಡುಗ ತಿಳಿದದ್ದು ಕಂದು ಬಣ್ಣ! ಏನೋ ಕಂದು ಬಣ್ಣದ ಸ್ರಾವ ಇರಬೇಕು ಎಂದುಕೊಂಡು ಬರಿಗೈ ಹಾಕಿ ಕಸ ತೆಗೆದ. ಕೈಯಲ್ಲಿ ಗಾಯವಿತ್ತು. ಕಂದು ಹಾಕಿದ ದನ ಎಂದರೆ ಹಳೆಯ ವೈದ್ಯರು ಮೊದಲು ಅನುಮಾನ ಪಡುವುದು ಬ್ರುಸೆಲ್ಲಾ ರೋಗವನ್ನು. ನಮ್ಮ ರೈತರು ಅದಕ್ಕೆ ಕಂದು ರೋಗ ಎಂದೇ ಹೆಸರಿಟ್ಟಿದ್ದಾರೆ. ಹಸಿ ಹಾಲಿನಿಂದ, ಕಸದಿಂದ ಅದು ಮನುಷ್ಯರಿಗೂ ಅಂಟುತ್ತದೆ. ಹುಡುಗನಿಗೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ಅವನು ಬದುಕಿಕೊಂಡ, ಆದರೆ ಆ ಕೆಲಸಕ್ಕೆ ಶರಣು ಹೊಡೆದು ಕಂಪನಿ ಸೇರಿದ. ಪುಸ್ತಕದಲ್ಲಿ ಬ್ರುಸೆಲ್ಲಾ ಬಗ್ಗೆ ಓದಿ ರ್‍ಯಾಂಕು ಪಡೆದವನಿಗೆ ಆ ರೋಗದ ಕನ್ನಡ ಹೆಸರು ಗೊತ್ತಿರಲಿಲ್ಲ. ಒಂದು ಪದ, ಕೇವಲ ಒಂದು ಪದ!

ಗೆಳೆಯರೇ, ಭಾಷೆ ಎಂದರೆ ಬರೀ ಅಭಿಮಾನ, ಬರೀ ಬಾವುಟ ಎಂದುಕೊಂಡವರಿಗೆ ಈ ಕತೆ ಹೇಳಿ. ಗಳಲೆ ರೋಗ, ಚಪ್ಪೆ ರೋಗ, ನೆರಡಿ ರೋಗ, ಕೆಚ್ಚಲು ಬಾವು, ಕಾಲುಬಾಯಿ ಜ್ವರ. ಇವು ರೈತರು ನೂರಾರು ವರ್ಷ ನೋಡಿ ನೋಡಿ ಇಟ್ಟ ಹೆಸರುಗಳು. ಇವನ್ನು ತಿಳಿದು ಬೆಳೆದ ವೈದ್ಯರ ಪೀಳಿಗೆ ಈಗ ವರ್ಷವರ್ಷವೂ ನಿವೃತ್ತಿಯಾಗುತ್ತಿದೆ. ಅವರು ಹೋದರೆ ಆ ಪದಗಳನ್ನು ಹೊಸಬರಿಗೆ ಕೊಡುವವರು ಯಾರು?

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಇದು ಯಾರು ಎಲ್ಲಿ ಹುಟ್ಟಿದರು ಎಂಬ ಜಗಳವಲ್ಲ. ಅದೇ ಕೈಪಿಡಿಯಲ್ಲಿ ಪಕ್ಕದ ರಾಜ್ಯದಲ್ಲಿ ಹುಟ್ಟಿದ ವೈದ್ಯರೊಬ್ಬರಿದ್ದಾರೆ. ರಾಯಚೂರಿನ ಕಡೆ ಕೆಲಸಕ್ಕೆ ಸೇರಿ, ಕುರಿಹಟ್ಟಿಗಳಲ್ಲಿ ಕೂತು ಕನ್ನಡ ಕಲಿತವರು. ಅವರು ಬಂದರೆ ಊರಿನವರು "ನಮ್ ಡಾಕ್ಟ್ರು ಬಂದ್ರು" ಎನ್ನುತ್ತಾರಂತೆ. ಕಲಿತವರು ನಮ್ಮವರು. ಬೆಂಗಳೂರಿನಲ್ಲೇ ಹುಟ್ಟಿ 'ಕಂದು' ತಿಳಿಯದವನು ಇನ್ನೂ ನಮ್ಮವನಾಗಬೇಕಷ್ಟೆ. ಅವನಿಗೆ ಕಲಿಸದ ತಪ್ಪು ಯಾರದು?

ಕನ್ನಡದಲ್ಲಿ ವೈದ್ಯಶಾಸ್ತ್ರ ಹೇಳಲು ಆಗುವುದಿಲ್ಲ ಎನ್ನುವ ಪಂಡಿತರಿಗೆ ಒಂದು ಉತ್ತರ ಇದೆ. ಸುಮಾರು ಒಂಬೈನೂರು ವರ್ಷದ ಹಿಂದೆ ಚಾಲುಕ್ಯ ವಂಶದ ಕೀರ್ತಿವರ್ಮ 'ಗೋವೈದ್ಯ' ಎಂಬ ಗ್ರಂಥ ಬರೆದ. ದನದ ರೋಗ, ಅದಕ್ಕೆ ಮದ್ದು. ಅದೂ ಕನ್ನಡದಲ್ಲಿ! ಕುದುರೆಯ ವೈದ್ಯದ ಮೇಲೆ ಅಭಿನವಚಂದ್ರ ಬರೆದ. ಹಳ್ಳಿಕಾರ್, ಅಮೃತಮಹಲ್‌ನಂಥ ತಳಿಗಳನ್ನು ಬೆಳೆಸಿದ ನಾಡು ಇದು. ಅಂಥ ನಾಡಿನಲ್ಲಿ ಇವತ್ತು ದನಕ್ಕೆ ಕೊಡುವ ಔಷಧಿ ಬಾಟಲಿಯ ಮೇಲೆ ಎಷ್ಟು ಹೊತ್ತಿಗೊಮ್ಮೆ, ಎಷ್ಟು ಪ್ರಮಾಣ ಎಂದು ಕನ್ನಡದಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಇಂಜೆಕ್ಷನ್ ಕೊಟ್ಟ ಮೇಲೆ ಎಷ್ಟು ದಿನ ಡೇರಿಗೆ ಹಾಲು ಹಾಕಬಾರದು ಎಂಬುದು ಆ ಚೀಟಿಯಲ್ಲಿ ಇರುತ್ತದೆ, ಇಂಗ್ಲಿಷಿನಲ್ಲಿ. ರೈತನಿಗೆ ತಿಳಿಯದಿದ್ದರೆ ಆ ಹಾಲು ಹೋಗುವುದು ಎಲ್ಲಿಗೆ? ನಿಮ್ಮ ಕಾಫಿಗೆ ಸ್ವಾಮಿ, ನಿಮ್ಮ ಕಾಫಿಗೆ!

ಈ ವೈದ್ಯರ ಕೆಲಸ ಸಣ್ಣದೆಂದು ಮಾತ್ರ ತಿಳಿಯಬೇಡಿ. ಊರಿಗೆ ಊರನ್ನೇ ಖಾಲಿ ಮಾಡುತ್ತಿದ್ದ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ನಮ್ಮ ದೇಶದಲ್ಲಿ ಕೊನೆಯ ಬಾರಿ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತಿನಿಂದಲೇ ಅದು ತೊಲಗಿತೆಂದು ಸಾರಿದರು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ಪೂರ್ತಿ ಅಳಿಸಿದ ಎರಡನೇ ರೋಗ ಅದು. ಅಳಿಸಿದವರು ಯಾರು? ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಟ್ಟಿಯಿಂದ ಹಟ್ಟಿಗೆ ನಡೆದ ಇಂಥ ದನದ ಡಾಕ್ಟರುಗಳು, ಅವರ ಸಿಬ್ಬಂದಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಓಡಾಡಿದವರೂ ಇವರೇ. ಅವರ ಹೆಸರಿನಲ್ಲಿ ಒಂದು ವೃತ್ತವಾದರೂ ಇದೆಯೇ ನಮ್ಮ ಪಟ್ಟಣಗಳಲ್ಲಿ?

ಇನ್ನು ಸರ್ಕಾರ. 2019ರ ಜಾನುವಾರು ಗಣತಿಯಂತೆ ನಮ್ಮ ರಾಜ್ಯದಲ್ಲಿ ದನ, ಎಮ್ಮೆ ಸೇರಿಯೇ ಸುಮಾರು 1 ಕೋಟಿ 14 ಲಕ್ಷ. ಐದು ಸಾವಿರ ಜಾನುವಾರಿಗೆ ಒಬ್ಬ ವೈದ್ಯ ಇರಬೇಕು ಎಂದು ರಾಷ್ಟ್ರೀಯ ಕೃಷಿ ಆಯೋಗ ಹೇಳಿದ್ದು 1976ರಲ್ಲಿ. ಲೆಕ್ಕ ಹಾಕಿ: ದನ ಎಮ್ಮೆಗೇ 2,200ಕ್ಕಿಂತ ಹೆಚ್ಚು ವೈದ್ಯರು ಬೇಕು. ಕೋಟಿಗೂ ಮೀರಿದ ಕುರಿಗಳ ಲೆಕ್ಕ ಬೇರೆ. 2024ರಲ್ಲಿ ಲೋಕಸೇವಾ ಆಯೋಗ 400 ಪಶುವೈದ್ಯಾಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆಯಿತು. ಅಂದರೆ ಕಡಿಮೆಯೆಂದರೂ ಅಷ್ಟು ಕುರ್ಚಿಗಳು ಖಾಲಿ ಬಿದ್ದಿದ್ದವು ಎಂದಾಯಿತು. ಕುರ್ಚಿ ಖಾಲಿಯಿದ್ದ ಆಸ್ಪತ್ರೆಯ ಮುಂದೆ ಹೊಟ್ಟೆ ಉಬ್ಬರಿಸಿ ಸತ್ತ ಹಸುವಿನ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ. ಆಯೋಗದ ಕಡ್ಡಾಯ ಕನ್ನಡ ಪರೀಕ್ಷೆ ಇದೆ, ಸಂತೋಷ. ಆದರೆ ಪ್ರಬಂಧ ಬರೆಯುವ ಕನ್ನಡ ಬೇರೆ, ಕೊಟ್ಟಿಗೆಯ ಕನ್ನಡ ಬೇರೆ.

ಸಂಘಗಳ ಹಿರಿಯರಿಗೂ ಒಂದೆರಡು ಮಾತು. ಸಂಬಳ, ಬಡ್ತಿ, ವರ್ಗಾವಣೆಗಾಗಿ ನೀವು ಹೋರಾಡುತ್ತೀರಿ, ಅದು ನ್ಯಾಯವೇ. ಅದರ ಜೊತೆಗೆ ಇಷ್ಟು ಮಾಡಿ. ನಿಮ್ಮ ಕೈಪಿಡಿಯನ್ನು ಕನ್ನಡದಲ್ಲೂ ತನ್ನಿ. ನೀವು ಯಾವ ಊರಿನ ಯಾವ ಶಾಲೆಯಿಂದ ಬಂದಿರೋ ಆ ಶಾಲೆಗೆ ಒಂದು ಪ್ರತಿ ಕಳಿಸಿ, ಒಂದು ದಿನ ಹೋಗಿ ಮಕ್ಕಳ ಮುಂದೆ ನಿಲ್ಲಿ. ಜಿಲ್ಲೆ ಜಿಲ್ಲೆಯಲ್ಲಿ ರೈತರು ರೋಗಕ್ಕೆ, ಲಕ್ಷಣಕ್ಕೆ ಹೇಳುವ ಮಾತುಗಳನ್ನು ಪಟ್ಟಿ ಮಾಡಿ ಇಂಟರ್ನಿಗಳ ಕೈಗೆ ಕೊಡಿ. ಆ ಪಟ್ಟಿಯ ಮೊದಲ ಸಾವಿರ ಪ್ರತಿ ನಮ್ಮ ಪ್ರೆಸ್ಸಿನಲ್ಲಿ, ಕಾಗದದ ದುಡ್ಡಷ್ಟೇ ತೆಗೆದುಕೊಂಡು, ಅಚ್ಚು ಹಾಕಿಕೊಡುತ್ತೇನೆ. ಇದು ಬರೀ ಬರವಣಿಗೆಯ ಮಾತಲ್ಲ.

ಕೊನೆಗೆ ನಿಮಗೆ, ಈ ಪತ್ರಿಕೆ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ನಿಂತಿರುವ ಹುಡುಗ ಹುಡುಗಿಯರಿಗೆ. ಪಿಯುಸಿಗೆ ನಿಂತವನು ನಾನು, ನಿಮಗೆ ಬುದ್ಧಿ ಹೇಳುವಷ್ಟು ಓದಿದವನಲ್ಲ. ಆದರೂ ಹೇಳುತ್ತೇನೆ. ವಿಜ್ಞಾನ ಓದುವ ಹುಡುಗರೆಲ್ಲಾ ಒಂದೇ ಇಂಜಿನಿಯರಿಂಗ್ ಬಾಗಿಲಲ್ಲಿ ನೂಕಾಡುತ್ತಿದ್ದೀರಿ. ಈ ಇನ್ನೊಂದು ಬಾಗಿಲೂ ಇದೆ ಎಂದು ನಿಮಗೆ ಯಾರಾದರೂ ಹೇಳಿದ್ದರೇ? ರೈತರ ಮಕ್ಕಳಿಗೆ ಅಲ್ಲಿ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ. ಅಖಿಲ ಭಾರತ ಕೋಟಾದ ಸೀಟುಗಳಿಗೆ ನೀಟ್ ಪರೀಕ್ಷೆ. ಅದರ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ. ನಿಮಗೆ ಆಗದಿದ್ದರೆ ಊರಿನಲ್ಲಿರುವ ತಮ್ಮನಿಗೆ, ತಂಗಿಗೆ ಹೇಳಿ. ಊರಿಗೆ ಹೋದಾಗ ನಿಮ್ಮ ಅಜ್ಜಿಯ ಪಕ್ಕ ಕೊಟ್ಟಿಗೆಯಲ್ಲಿ ಕೂತು, ಅವಳು ದನದ ಬಗ್ಗೆ ಆಡುವ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಇದಕ್ಕೆ ಮೆರವಣಿಗೆ ಬೇಡ, ಮೈಕು ಬೇಡ.

ಕೈಪಿಡಿ ಅಚ್ಚಾಗಿ ಹೋಗಿದೆ. ಹೋಗುವ ಮುನ್ನ ಆ ನಿವೃತ್ತ ವೈದ್ಯರು ಒಂದು ಪ್ರತಿ ನನ್ನ ಮೇಜಿನ ಮೇಲಿಟ್ಟರು. ತಮ್ಮ ಪುಟ ತೆಗೆದು, ಇಂಗ್ಲಿಷಿನಲ್ಲಿದ್ದ ಊರಿನ ಹೆಸರಿನ ಕೆಳಗೆ ಪೆನ್ನಿನಿಂದ ಕನ್ನಡದಲ್ಲಿ ಅದೇ ಹೆಸರು ಬರೆದರು. "ನಮ್ಮವ್ವ ಇದ್ದಿದ್ರೆ ಇಷ್ಟನ್ನಾದ್ರೂ ಓದ್ತಿದ್ಲು" ಎಂದರು.

ಮುಂದಿನ ಆವೃತ್ತಿಯಲ್ಲಿ ಅದು ಅಚ್ಚಿನಲ್ಲೇ ಬರಲಿ. ಏನಂತೀರಿ?