ಸೊರಬದ ಲಸಿಕೆ, ಬಳ್ಳಾರಿಯ ಡ್ರಿಪ್ ಬಾಟಲಿ ಮತ್ತು ಧಾರವಾಡದ ಡಾಕ್ಟರ ಪ್ರಶ್ನೆ

ಶಿಕಾರಿಪುರ, ಸೊರಬ ಅಂದ ತಕ್ಷಣ ರಾಜ್ಯದ ಉಳಿದವರಿಗೆ ನೆನಪಾಗುವುದು ಯಡಿಯೂರಪ್ಪ ಮತ್ತು ಬಂಗಾರಪ್ಪ. ಅಕ್ಕಪಕ್ಕದ ಎರಡು ತಾಲ್ಲೂಕು, ಇಬ್ಬರು ಮುಖ್ಯಮಂತ್ರಿಗಳು. ಆದರೆ ವೈದ್ಯಕೀಯ ಪುಸ್ತಕಗಳಲ್ಲಿ ಸೊರಬಕ್ಕೆ ಬೇರೆಯದೇ ಜಾಗವಿದೆ. 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಗಳ ಜನ ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಪತ್ತೆ ಮಾಡಿದರು. ಜಗತ್ತಿಗೆ ಅದು ಕ್ಯಾಸನೂರು ಫಾರೆಸ್ಟ್ ಡಿಸೀಸ್, ನಮಗೆ ಮಂಗನ ಕಾಯಿಲೆ. ಉಣ್ಣೆ ಕಚ್ಚಿದರೆ ಬರುತ್ತೆ. ಸೌದೆಗೆ, ದರಗಿಗೆ, ದನ ಹುಡುಕಲು ಕಾಡಿಗೆ ಹೋಗುವವರಿಗೇ ಹೆಚ್ಚು ಬರುತ್ತೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ.

ಇದ್ದದ್ದು ಒಂದು ಲಸಿಕೆ. 1990ರ ಸುಮಾರಿಗೆ ನಡೆದ ಪ್ರಯೋಗದಲ್ಲಿ ಎರಡು ಡೋಸ್ ತೆಗೆದುಕೊಂಡವರಿಗೆ ಶೇ. 93ರಷ್ಟು ರಕ್ಷಣೆ ಸಿಗುತ್ತದೆ ಎಂಬ ಲೆಕ್ಕ ಬಂತು. ಆಮೇಲೆ 2005ರಿಂದ 2010ರವರೆಗಿನ ಅಂಕಿ-ಅಂಶ ಹಿಡಿದು ಇನ್ನೊಂದು ಅಧ್ಯಯನ ನಡೆಯಿತು. ಅದು 2013ರಲ್ಲಿ ಪ್ರಕಟವಾದಾಗ ಎರಡು ಡೋಸಿನ ರಕ್ಷಣೆ ಶೇ. 62ಕ್ಕೆ ಇಳಿದಿತ್ತು, ಬೂಸ್ಟರ್ ಸೇರಿದರೆ ಶೇ. 83. ಎರಡೂ ಅಧ್ಯಯನಗಳ ವಿಧಾನ ಬೇರೆ, ನೇರವಾಗಿ ಹೋಲಿಸುವುದು ಸರಿಯಲ್ಲ, ಒಪ್ಪುತ್ತೇನೆ. ಶೇ. 62 ಅಂದರೆ ಸೊನ್ನೆಯೂ ಅಲ್ಲ. ಆದರೂ ಇಂಜಿನಿಯರಿಂಗ್ ಓದಿದವನಿಗೆ ಇಂಥ ಅಂಕಿ ಕಂಡರೆ ಮೊದಲು ಹೊಳೆಯೋದು ಒಂದೇ: ಲೈನ್ ನಿಲ್ಲಿಸಿ, ಏನು ಕೆಟ್ಟಿದೆ ನೋಡಿ. ನಮ್ಮಲ್ಲಿ ಲೈನ್ ನಿಂತಿದ್ದು 2022ರಲ್ಲಿ, ಲಸಿಕೆಯ ಸಾಮರ್ಥ್ಯವೇ ಸಾಲದು ಎಂಬ ಕಾರಣಕ್ಕೆ. ಅಧ್ಯಯನ ಪ್ರಕಟವಾಗಿ ಒಂಬತ್ತು ವರ್ಷ ಕಳೆದ ಮೇಲೆ! ನಡುವೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. ಲಸಿಕೆ ನಿಂತ ಮೇಲೆ ಉಳಿದಿದ್ದು ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ.

ಈ ಕಥೆ ಓದುವಾಗೆಲ್ಲ ನನಗೆ ನೆನಪಾಗುವುದು ಧಾರವಾಡದ ಡಾ. ಗೋಪಾಲ ದಾಬಡೆ. ಮಂಗನ ಕಾಯಿಲೆ ಅವರ ವಿಷಯ ಅಂತಲ್ಲ. ಡ್ರಗ್ ಆ್ಯಕ್ಷನ್ ಫೋರಂ–ಕರ್ನಾಟಕದ ಮೂಲಕ, ಅಖಿಲ ಭಾರತ ಮಟ್ಟದಲ್ಲಿ 'ಐಡಾನ್' ಎಂಬ ಜಾಲದ ಮೂಲಕ ಅವರು ದಶಕಗಳಿಂದ ಕೇಳುತ್ತಾ ಬಂದಿರುವುದು ಇದೇ ಜಾತಿಯ ಪ್ರಶ್ನೆ: ಈ ಮಾತ್ರೆ ಯಾಕೆ ಬೇಕು, ಯಾರು ಪರೀಕ್ಷೆ ಮಾಡಿದರು, ಬೆಲೆ ಇಷ್ಟೇಕೆ? ಓದಿದ್ದು ವೈದ್ಯಕೀಯ. ಕ್ಲಿನಿಕ್ಕು, ನರ್ಸಿಂಗ್ ಹೋಂ ಅಂತ ಸುಮ್ಮನೆ ಇರಬಹುದಿತ್ತು. ಅದರ ಬದಲು ಕನ್ನಡದಲ್ಲಿ ಬರೆಯುತ್ತಾ, ಮಾತಾಡುತ್ತಾ, ಸರ್ಕಾರಗಳಿಗೆ ತಕರಾರು ತೆಗೆಯುತ್ತಾ ಬಂದರು. ಇಂಥ ಚಳವಳಿ ರೀಲ್ಸ್‌ಗೆ ಸಿಗುವುದಿಲ್ಲ. ಘೋಷಣೆ ಕಮ್ಮಿ, ಕಡತ ಜಾಸ್ತಿ.

ಆದರೆ ಕಡತದಿಂದಲೇ ಆದ ಕೆಲಸ ನೋಡಿ. 2002ರ ಕೇಂದ್ರದ ಔಷಧ ನೀತಿ ಬಹಳಷ್ಟು ಔಷಧಿಗಳನ್ನು ಬೆಲೆ ನಿಯಂತ್ರಣದಿಂದ ಹೊರಗೆ ಬಿಡಲು ಹೊರಟಿತ್ತು. ಅದಕ್ಕೆ ತಡೆ ಕೊಟ್ಟಿದ್ದು ನಮ್ಮದೇ ಹೈಕೋರ್ಟ್, ಕೆ.ಎಸ್. ಗೋಪಿನಾಥ್ ಹಾಕಿದ ಅರ್ಜಿಯ ಮೇಲೆ. 2003ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಜೀವರಕ್ಷಕ ಔಷಧಿಗಳು ನಿಯಂತ್ರಣ ತಪ್ಪಿಸಿಕೊಳ್ಳದಂತೆ ಮಾನದಂಡ ರೂಪಿಸಿ ಅಂತ ಕೇಂದ್ರಕ್ಕೆ ಹೇಳಿತು. ಅದೇ ವರ್ಷ ಐಡಾನ್ ಮತ್ತಿತರರು ಸುಪ್ರೀಂ ಕೋರ್ಟಿಗೇ ಹೋದರು. ಹತ್ತು ವರ್ಷ ಎಳೆದಾಡಿದ ಮೇಲೆ, 74 ಔಷಧಿಗಳಿಗಷ್ಟೇ ಇದ್ದ ಬೆಲೆ ನಿಯಂತ್ರಣ 2013ರ ಆದೇಶದಲ್ಲಿ 348ಕ್ಕೆ ವಿಸ್ತರಿಸಿತು. ನಿಮ್ಮ ಮನೆಯ ಬಿಪಿ ಮಾತ್ರೆಯ ರೇಟಿನ ಹಿಂದೆ ಈ ಅರ್ಜಿಗಳಿರಬಹುದು.

ಕಾಂಬಿನೇಷನ್ ಮಾತ್ರೆಗಳದ್ದು ಇನ್ನೊಂದು ಜಗಳ. ಎರಡು-ಮೂರು ಔಷಧಿ ಕಾರಣವೇ ಇಲ್ಲದೆ ಬೆರೆಸಿ ಒಂದೇ ಮಾತ್ರೆ ಮಾಡಿ ಮಾರುವ ದಂಧೆ. ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಚಂದ್ರಕಾಂತ ಕೋಕಾಟೆ ಅವರ ಸಮಿತಿಯ ವರದಿ ಆಧರಿಸಿ 2016ರ ಮಾರ್ಚ್‌ನಲ್ಲಿ ಕೇಂದ್ರ 344 ಕಾಂಬಿನೇಷನ್‌ಗಳನ್ನು ನಿಷೇಧಿಸಿತು. ಕಂಪನಿಗಳು ದೆಹಲಿ ಹೈಕೋರ್ಟಿಗೆ ಓಡಿದವು, ನಿಷೇಧ ರದ್ದಾಯಿತು. ಸುಪ್ರೀಂ ಕೋರ್ಟ್ ಮರುಪರಿಶೀಲನೆಗೆ ಕಳಿಸಿ, 2018ರ ಸೆಪ್ಟೆಂಬರ್‌ನಲ್ಲಿ 328ಕ್ಕೆ ಮತ್ತೆ ನಿಷೇಧ ಬಂತು. ಎರಡೂವರೆ ವರ್ಷ. ಅಷ್ಟರಲ್ಲಿ ಎಷ್ಟು ಸ್ಟ್ರಿಪ್ ಮಾರಾಟವಾಗಿರಬಹುದು, ಲೆಕ್ಕ ಹಾಕಿಕೊಳ್ಳಿ.

ಇದೆಲ್ಲ ಹಳೆಯ ಮಾತು ಅನ್ನುವವರು ಬಳ್ಳಾರಿಗೆ ಬನ್ನಿ. 2024ರ ನವೆಂಬರ್. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಅನುಮಾನ ಹೋಗಿದ್ದು ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಆ ಕಂಪನಿಯ ಕೆಲವು ಬ್ಯಾಚ್‌ಗಳು ರಾಜ್ಯದ ಪರೀಕ್ಷೆಯಲ್ಲಿ ಫೇಲಾಗಿ, ಕೇಂದ್ರದ ಪ್ರಯೋಗಾಲಯದಲ್ಲಿ ಪಾಸಾಗಿದ್ದವು. ರಾಜ್ಯದ ಔಷಧ ನಿಯಂತ್ರಕರು ಸಸ್ಪೆಂಡ್ ಆದರು. ಒಬ್ಬ ಅಧಿಕಾರಿಯನ್ನು ಮನೆಗೆ ಕಳಿಸುವುದು ಸುಲಭ. ಒಂದೇ ದ್ರಾವಣಕ್ಕೆ ಎರಡು ಲ್ಯಾಬ್ ಎರಡು ಫಲಿತಾಂಶ ಕೊಟ್ಟಾಗ ಯಾವುದನ್ನು ನಂಬಬೇಕು, ಸಂಶಯ ಬಗೆಹರಿಯುವ ತನಕ ಬಾಟಲಿ ಗೋದಾಮಿನಲ್ಲಿರಬೇಕಾ ವಾರ್ಡಿನಲ್ಲಿರಬೇಕಾ ಅನ್ನೋ ನಿಯಮ ಗಟ್ಟಿ ಮಾಡುವುದು ಕಷ್ಟ. ನನ್ನ ಪ್ರಕಾರ ಅಲ್ಲಿ ಸೋತಿದ್ದು ಈ ನಿಯಮವೇ.

ಸರ್ಕಾರಿ ಲಸಿಕೆ, ಸರ್ಕಾರಿ ಡ್ರಿಪ್ ಎರಡರಲ್ಲೂ ಒಂದು ಸಾಮ್ಯ ಇದೆ: ತೆಗೆದುಕೊಳ್ಳುವವರಿಗೆ ಆಯ್ಕೆ ಇಲ್ಲ. ದುಡ್ಡಿದ್ದವನು ಬೇರೆ ಆಸ್ಪತ್ರೆಗೆ ಹೋಗುತ್ತಾನೆ. ಆನವಟ್ಟಿ ಕಡೆಯ ಕೂಲಿ ಹೆಂಗಸು ಆಶಾ ಕಾರ್ಯಕರ್ತೆ ಹೇಳಿದ ದಿನ ತೋಳು ಚಾಚುತ್ತಾಳೆ. ಹಾಗಾಗಿ ಪರೀಕ್ಷೆಯ ಕಾಗದ ಅವಳ ಕಡೆಯಿಂದ ಯಾರಾದರೂ ಓದಲೇಬೇಕು. ದಾಬಡೆಯವರಂಥವರು ಇಷ್ಟು ವರ್ಷ ಮಾಡಿದ್ದು ಆ ಓದು.

ಈಗ ಮಂಗನ ಕಾಯಿಲೆಗೆ ಹೊಸ ಲಸಿಕೆ ತಯಾರಾಗುತ್ತಿದೆ, ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ. ಬರಲಿ, ಬೇಗ ಬರಲಿ. ಮಲೆನಾಡಿನ ಜನರ ಮೇಲೆ ಪ್ರಯೋಗ ನಡೆಯುವ ದಿನವೂ ಬರಬಹುದು. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿಯೇ ಒಪ್ಪಿಗೆ ಪಡೆಯಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಸೊರಬ, ಶಿಕಾರಿಪುರದ ಗ್ರಾಮ ಪಂಚಾಯ್ತಿಗಳಲ್ಲಿ ಕೂತಿರುವ ನಮ್ಮ ವಯಸ್ಸಿನ ಸದಸ್ಯರು ಆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಈಗಲೇ ಕೇಳಿ ಇಟ್ಟುಕೊಳ್ಳಲಿ. ಪ್ರತಿ ಬ್ಯಾಚಿನ ಪರೀಕ್ಷಾ ಫಲಿತಾಂಶವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಿ ಅಂತ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಲಿ. ಅಂದ ಹಾಗೆ, ಯಾವುದೇ ಔಷಧಿಯಿಂದ ಅಡ್ಡಪರಿಣಾಮ ಆದರೆ ರೋಗಿಯೇ ದೂರು ದಾಖಲಿಸಬಹುದಾದ ಕೇಂದ್ರದ ಉಚಿತ ಸಹಾಯವಾಣಿ ಇದೆ: 1800-180-3024. ಆ ನಂಬರನ್ನೂ ಪಕ್ಕದಲ್ಲೇ ಅಂಟಿಸಬಹುದು.