‘ಏನೂ ಇಲ್ಲ’

ಇಂಡಿಯ ಸೀಮೆಯ ನಿಂಬೆಯ ತೋಟವೊಂದು ಎರಡು ವರ್ಷಗಳ ಬರಕ್ಕೆ ಸಿಕ್ಕಿತೆನ್ನೋಣ. ಬಾವಿ ಬತ್ತಿತು, ಟ್ಯಾಂಕರಿನ ನೀರಿಗಾಗಿ ಸಾಲ ಬೆಳೆಯಿತು, ಗಿಡಗಳು ಮಾತ್ರ ಉಳಿಯಲಿಲ್ಲ. ತೋಟದ ಒಡೆಯನಿಗೆ ಎದೆನೋವು ಕಾಣಿಸಿಕೊಂಡಿತು. ವಿಜಯಪುರದ ಆಸ್ಪತ್ರೆಯೊಂದರಲ್ಲಿ ಇ.ಸಿ.ಜಿ. ತೆಗೆದರು, ರಕ್ತ ಪರೀಕ್ಷಿಸಿದರು. ‘ಏನೂ ಇಲ್ಲ’ ಎಂದರು ವೈದ್ಯರು. ಹೆಂಡತಿಯ ಮುಖ ಅರಳಿತು. ಆತನ ಮುಖ ಇನ್ನಷ್ಟು ಬಾಡಿತು. ಏನೂ ಇಲ್ಲದಿದ್ದರೆ ರಾತ್ರಿಯೆಲ್ಲ ಹಿಂಡುವ ಈ ನೋವು ಯಾರದು?

ವೈದ್ಯರು ಸುಳ್ಳಾಡಲಿಲ್ಲ, ಯಂತ್ರಕ್ಕೆ ಕಾಣುವಷ್ಟನ್ನು ಅವರು ಕಂಡರು. ಪಾಶ್ಚಾತ್ಯ ವೈದ್ಯವನ್ನು ಹಳಿಯುವುದು ಕೃತಘ್ನತೆಯಾದೀತು. ಮನೆಮನೆಯ ಮಕ್ಕಳನ್ನು ಕೊಂಡೊಯ್ಯುತ್ತಿದ್ದ ಸಿಡುಬು ಭೂಮಿಯಿಂದಲೇ ಅಳಿಯಿತೆಂದು 1980ರಲ್ಲಿ ಸಾರಲು ಸಾಧ್ಯವಾದುದು ಲಸಿಕೆಯಿಂದ. ಹೊಲದಲ್ಲಿ ಹಾವು ಕಚ್ಚಿದವನನ್ನು ಇಂದು ಬದುಕಿಸುವುದು ಆಸ್ಪತ್ರೆಯ ಚುಚ್ಚುಮದ್ದೇ ಹೊರತು ಮಂತ್ರವಲ್ಲ.

ಆದರೆ ದೇಹವನ್ನು ಬಿಡಿಬಿಡಿಯಾಗಿ ನೋಡುವ ಕಣ್ಣಿಗೆ ಇಡಿಯ ಮನುಷ್ಯನು ತಪ್ಪಿಹೋಗುವುದುಂಟು. ಆ ವೈದ್ಯಲೋಕದವರೇ ಇದನ್ನು ಹೇಳಿದ್ದಾರೆ. ದೇಹದೊಡನೆ ಮನಸ್ಸನ್ನೂ ಸಮಾಜವನ್ನೂ ಗಣಿಸದ ವೈದ್ಯವು ಅಪೂರ್ಣವೆಂದು 1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ವಾದಿಸಿದನು. ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮವೇ ಆರೋಗ್ಯವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದ ಮಾತು. ‘ಆಧ್ಯಾತ್ಮಿಕ’ ಎಂಬ ಪದವನ್ನೂ ಅದಕ್ಕೆ ಸೇರಿಸಬೇಕೆಂದು 1998ರಲ್ಲಿ ಸಲಹೆ ಬಂದಿತು; ಆ ಪದ ಇನ್ನೂ ಬಾಗಿಲ ಹೊರಗೇ ನಿಂತಿದೆ.

ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರೆಂದು ಖ್ಯಾತವಾದುದು. ಹನ್ನೆರಡನೆಯ ಶತಮಾನದ ಆ ಶರಣರಲ್ಲಿ ಸಂಗಣ್ಣನೆಂಬ ವೈದ್ಯನಿದ್ದನು. ರೋಗ ಔಷಧಿಗಳ ಪರಿಭಾಷೆಯಲ್ಲಿಯೇ ಅವನು ಭವರೋಗವನ್ನು ಕುರಿತು ವಚನಗಳನ್ನು ರಚಿಸಿದನು. ನಾಡಿ ನೋಡುವ ಕಾಯಕಕ್ಕೂ ಆತ್ಮವನ್ನರಸುವ ಸಾಧನೆಗೂ ಅವನಲ್ಲಿ ಜಗಳವಿರಲಿಲ್ಲ.

ಇದನ್ನೇ ನೆಪಮಾಡಿಕೊಂಡು ಮಾತ್ರೆ ಬಿಟ್ಟು ತಾಯತ ಕಟ್ಟಿಕೊಳ್ಳಿರೆನ್ನುವವರಿಗೆ ಸಿಂದಗಿಯವರಾಗಲಿ ಮುದ್ದೇಬಿಹಾಳದವರಾಗಲಿ ಕಿವಿಗೊಡಬೇಕಾಗಿಲ್ಲ. ಎದೆನೋವು ಬಂದವನು ಮೊದಲು ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಪರೀಕ್ಷೆಗಳೆಲ್ಲ ಮುಗಿದು, ‘ಏನೂ ಇಲ್ಲ’ ಎಂದ ಮೇಲೆ, ಮುಂದಿನ ರೋಗಿಯನ್ನು ಕರೆಯುವ ಮೊದಲು ವೈದ್ಯರು ಒಂದು ಮಾತು ಕೇಳಬಾರದೇ?

“ತ್ವಾಟ ಹ್ಯಾಂಗೈತ್ರಿ, ಯಜಮಾನ್ರ?”

ಆತನು ಅಲ್ಲಿಯೇ ಅತ್ತುಬಿಡಬಹುದು. ಚಿಕಿತ್ಸೆ ಅಲ್ಲಿಂದ ಮೊದಲಾದೀತು.